ಬೆಲ್ಟು ಕಡಿಯುವ ಇಲಿ

ಸೊಸೆ ಮೊಣಕಾಲೂರಿ, ವಾಷಿಂಗ್ ಮೆಷಿನ್ನಿನ ಅಡಿಗೆ ಎಡಗೈ ತೂರಿಸಿ ತಡಕಾಡುತ್ತಿದ್ದಳು. ಒಂದು ಅಂಗಿ ಗುಂಡಿ ಸಿಕ್ಕಿತು. ಮುರಿದ ಬಾಚಣಿಗೆಯ ತುಂಡು ಸಿಕ್ಕಿತು. ಒದ್ದೆ ಧೂಳಿನ ಉಂಡೆ ಸಿಕ್ಕಿತು. ಹುಡುಕುತ್ತಿದ್ದದ್ದು ಮಾತ್ರ ಸಿಗಲಿಲ್ಲ. ನಡುಮನೆಯಲ್ಲಿ ಅತ್ತೆಯನ್ನು ಮಲಗಿಸಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು, ಮೂಗು ಒರೆಸಿಕೊಳ್ಳುವ ಸದ್ದು, "ಮೊನ್ನೆ ತಾನೇ ಗಟ್ಟಿಯಾಗಿದ್ರಲ್ಲ" ಎಂಬ ಅದೇ ಮಾತು ಹತ್ತನೆಯ ಸಲ. ಸೊಸೆಯಾದವಳು ಅತ್ತೆಯ ತಲೆಯ ಹತ್ತಿರ ಕೂತಿರಬೇಕಾದ ಹೊತ್ತು ಅದು. ಇವಳೋ ಮನೆಯ ಹಿಂದಿನ ಒಗೆಯುವ ಮೂಲೆಯಲ್ಲಿ, ಕದ್ದ ಮಾಲು ಬಚ್ಚಿಡುವವರ ಹಾಗೆ ಕಿವಿಯನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಕೂತಿದ್ದಳು.

"ಏ, ಎಲ್ಲಿದ್ದೀಯಾ? ಅಪ್ಪ ಕೇಳ್ತಿದಾರೆ," ಗಂಡ ಅಡುಗೆಮನೆಯಿಂದಲೇ ಕೂಗಿದ. ಅತ್ತೂ ಅತ್ತೂ ಅವನ ದನಿ ಕಟ್ಟಿಹೋಗಿತ್ತು.

"ಬಂದೆ ರೀ. ಇಲ್ಲಿ ನೀರು ಚೆಲ್ಲಿದೆ, ಯಾರಾದ್ರೂ ಜಾರಿಗೀರಿ ಬಿದ್ದಾರು ಅಂತ ಒರೆಸ್ತಿದೀನಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಇನ್ನೂ ಒಳಗೆ ಕೈ ಚಾಚಿದಳು. ಗೋಡೆಗೆ ಒತ್ತಿಕೊಂಡು ಬಿದ್ದಿತ್ತು ಅದು: ಎರಡೂವರೆ ಮೊಳ ಉದ್ದದ, ಒಳಮೈಗೆ ಉದ್ದುದ್ದ ಗೀರುಗಳಿದ್ದ ಕಪ್ಪು ರಬ್ಬರ್ ಬೆಲ್ಟು. ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅರ್ಧ ಅಗಲದವರೆಗೆ ನುಣುಪು, ಉಳಿದರ್ಧ ಹರಕು. ನುಣುಪಾದ ಅರ್ಧ ಅವಳದು. ಹರಕಾದ ಅರ್ಧ ಮೆಷಿನ್ನಿನದು. ಸುರುಳಿ ಸುತ್ತಿ ಸ್ವೆಟರಿನ ಜೇಬಿಗೆ ತುರುಕಿಕೊಂಡು ಎದ್ದಳು. ಬೆರಳುಗಳಿಗೆಲ್ಲ ಕಪ್ಪು ಪುಡಿ ಮೆತ್ತಿತ್ತು. ನಲ್ಲಿಯ ಕೆಳಗೆ ಎಷ್ಟು ಉಜ್ಜಿದರೂ ಉಗುರಿನ ಸಂದಿಯದು ಹೋಗಲಿಲ್ಲ.

ನಡುಮನೆಯಲ್ಲಿ ಮಾವ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎದುರುಮನೆಯ ಬಸ್ ಡ್ರೈವರ್. ಅವನದು ಸಾವಿನ ಮನೆಯಲ್ಲೂ ಸುಮ್ಮನಿರದ ಬಾಯಿ.

"ಯಜಮಾನ್ರೇ, ಈಗ ಕೇಳಬಾರದು, ಆದ್ರೂ ಕೇಳ್ತೀನಿ. ಆ ಇಲಿ ಸಿಕ್ತಾ?"

ಅಳುತ್ತಿದ್ದವರೂ ಒಂದು ಕ್ಷಣ ನಕ್ಕರು. ಆ ಇಲಿಯ ಕತೆ ಗೊತ್ತಿಲ್ಲದವರು ಆ ಬೀದಿಯಲ್ಲೇ ಇರಲಿಲ್ಲ. ಮಾವ ಮುಖ ಎತ್ತಿದರು. ನಿನ್ನೆಯಿಂದ ಮೊದಲ ಸಲ ಅವರ ಕಣ್ಣಿಗೆ ಒಂದಿಷ್ಟು ಜೀವ ಬಂತು.

"ಎಲ್ಲಿ ಸಿಗುತ್ತೋ ಮಾರಾಯ! ಎರಡು ವರ್ಷದಿಂದ ದಿನಾ ಸಂಜೆ ಬೋನು ಇಡ್ತಿದೀನಿ. ಬಾಗಿಲು ಬಿದ್ದಿರಲ್ಲ, ಒಳಗಿನ ಬ್ರೆಡ್ಡು ಮಾತ್ರ ಬೆಳಿಗ್ಗೆ ಹೊತ್ತಿಗೆ ಮಾಯ. ಅದೆಂಥಾ ಚಾಲಾಕಿ ಇರಬೇಕು ನೋಡು. ಬ್ರೆಡ್ಡು ತಿಂದು, ಬಾಯಿ ಚಪಲಕ್ಕೆ ಬೆಲ್ಟೂ ಕಡಿದು ಹೋಗುತ್ತೆ."

"ನಿಮ್ಮನೆ ಇಲಿ ಓದಿದ ಇಲಿ ಬಿಡಿ."

"ಇವಳಂತೂ ಎಷ್ಟು ಸಲ ಹೊಸ ಬೆಲ್ಟು ಹಾಕಿದಳು! ಐದೋ ಆರೋ. ಒಂದಿನ ಬೇಜಾರು ಮಾಡ್ಕೊಳ್ಳಲಿಲ್ಲ. ‘ಇಲಿಗೂ ಹೊಟ್ಟೆ ಇರುತ್ತೆ ರೀ’ ಅಂತಿದ್ದಳು." ಮಾವ ಹೆಂಡತಿಯ ಕಡೆ ನೋಡಿ ತುಟಿ ಕಚ್ಚಿದರು. "ಕೊನೆಗೆ ಅದನ್ನ ಹಾಕ್ತಾ ಹಾಕ್ತಾನೇ ಹೋದಳು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೊಸೆಯ ಕೈ ತಾನಾಗಿ ಸ್ವೆಟರಿನ ಜೇಬಿಗೆ ಹೋಯಿತು. ಬೆಲ್ಟು ಅಲ್ಲೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಭೂಮಿಗೆ ಬೇರೆ ಕೆಲಸವಿತ್ತು. ಅದು ಬಾಯಿ ಬಿಡಲಿಲ್ಲ. ಅವಳು ಹೋಗಿ ಅತ್ತೆಯ ತಲೆಯ ಹತ್ತಿರ ಕೂತಳು. ಅತ್ತೆಯ ಬಲಗೈ ತೋರುಬೆರಳಿನ ತುದಿಯಲ್ಲೂ, ಎಷ್ಟು ಒರೆಸಿದ್ದರೂ, ಅದೇ ಕಪ್ಪು ಪುಡಿ ಉಳಿದಿತ್ತು.

*

ಅತ್ತೆ ಮೂವತ್ತೊಂದು ವರ್ಷ ಬ್ಯಾಗಿನ ಕಾರ್ಖಾನೆಯಲ್ಲಿ ಕತ್ತರಿಸುವ ಮೇಜಿನ ಮುಂದೆ ನಿಂತವಳು. ಕ್ಯಾನ್ವಾಸು, ಚರ್ಮ, ರೆಕ್ಸಿನ್ನು, ಯಾವುದನ್ನು ಕೊಟ್ಟರೂ ಗೆರೆ ಎಳೆಯದೆ ನೇರವಾಗಿ ಕತ್ತರಿಸುತ್ತಿದ್ದಳು. ಅಲ್ಲಿನವರು ಅವಳನ್ನು ಕತ್ತರಿಯಕ್ಕ ಅನ್ನುತ್ತಿದ್ದರು. ನಿವೃತ್ತಿಯಾದ ವಾರ ಮೆಷಿನ್ ಮನೆಗೆ ಬಂತು. ಅಷ್ಟು ವರ್ಷ ಕೈಯಲ್ಲಿ ಬಟ್ಟೆ ಒಗೆದವಳು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಒಳಗೆ ಬಟ್ಟೆ ತಿರುಗುವುದನ್ನು ಮುಗಿಯುವ ತನಕ ನೋಡಿದಳಂತೆ.

ಸೊಸೆ ಬರುವ ಹೊತ್ತಿಗೆ ಮೆಷಿನ್ ಹಳೆಯದಾಗಿತ್ತು. ಹಿಂಡುವ ಹೊತ್ತಿಗೆ ಇಡೀ ಮನೆ ಗಡಗಡ. ಒಂದೊಂದು ಸಲ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದೂ ಬರುತ್ತಿತ್ತು. ಯಾರಾದರೂ ಮೊಣಕಾಲು ಕೊಟ್ಟು ಹಿಡಿದು ನಿಲ್ಲಬೇಕು. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ಬಂದವರ ಹೆಸರು ಬರೆದುಕೊಂಡು, ಫೋನೆತ್ತಿ, ನಕ್ಕು ಸಾಕಾಗಿ ಬಂದವಳಿಗೆ ಮನೆಯಲ್ಲಿ ಮೆಷಿನ್ ಹಿಡಿದು ನಿಲ್ಲುವ ಕೆಲಸ. ಒಮ್ಮೆ ಜೊತೆ ಕೆಲಸದವರು ಮನೆಗೆ ಬಂದಾಗ ಅದು ಅಡುಗೆಮನೆಯ ಬಾಗಿಲವರೆಗೂ ನಡೆದು ಬಂದು ಇಣುಕಿತ್ತು. ಅವರು ಬಿದ್ದು ಬಿದ್ದು ನಕ್ಕಿದ್ದರು. ಅತ್ತೆಯೂ ನಕ್ಕಿದ್ದಳು. ಇವಳಿಗೆ ನಗು ಬಂದಿರಲಿಲ್ಲ.

ಹೊಸದು ಬೇಕು ಎಂದು ಕೇಳಬಹುದಿತ್ತು. ಒಂದೇ ಒಂದು ಮಾತು. ಆದರೆ ಮದುವೆಯಾದ ಹೊಸದರಲ್ಲಿ ಒಮ್ಮೆ, "ಅತ್ತೆ, ಈ ಪರದೆ ಬದಲಾಯಿಸಿದ್ರೆ ಚೆನ್ನಾಗಿರುತ್ತೇನೋ" ಅಂದಿದ್ದಳು. ಅತ್ತೆ ಏನೂ ಹೇಳಲಿಲ್ಲ. ಸಂಜೆ ಇವಳು ಕೆಲಸದಿಂದ ಬರುವಷ್ಟರಲ್ಲಿ ಹಳೆಯ ಪರದೆಗಳು ಮಡಿಸಿ ಪೆಟ್ಟಿಗೆ ಸೇರಿದ್ದವು, ಹೊಸವು ತೂಗುತ್ತಿದ್ದವು. ಅದರ ಬಗ್ಗೆ ಅತ್ತೆ ಆಮೇಲೂ ಒಂದು ಮಾತಾಡಲಿಲ್ಲ. ಕೋಪ ಬಂದಿರಬೇಕು ಅಂದುಕೊಂಡಳು ಸೊಸೆ. ತನ್ನ ತವರಿನಲ್ಲಿ ಮಾತಾಡದವರೆಂದರೆ ಮುನಿದವರೇ. ಅಂದಿನಿಂದ ಅವಳು ಆ ಮನೆಯಲ್ಲಿ ಏನನ್ನೂ ಕೇಳಲಿಲ್ಲ.

ಮೊದಲನೆಯ ಬೆಲ್ಟು ನ್ಯಾಯವಾಗಿಯೇ ಸವೆದು ಹರಿದದ್ದು; ಅದನ್ನು ಅತ್ತೆ ಆವತ್ತೇ ಬಿಸಾಕಿದ್ದಳು. ಹರಿಯುವ ಮೊದಲು ಹದಿನೈದು ದಿನ ಕೀಚ್ ಕೀಚ್ ಅಂತ ಕೂಗಿತ್ತು.

"ಸವೆದ ಬೆಲ್ಟು ಮೊದಲು ಕೂಗುತ್ತೆ. ಆಮೇಲೆ ಜಾರುತ್ತೆ. ಆಮೇಲೆ ಹರಿಯುತ್ತೆ," ಅತ್ತೆ ಹಿಂದಿನ ತಗಡು ಬಿಚ್ಚುತ್ತ ಹೇಳಿದ್ದಳು. "ಹೇಳದೆ ಕೇಳದೆ ಹರಿಯೋ ಜಾತಿಯಲ್ಲ ಇದು."

ಆವತ್ತು ಎಲ್ಲರೂ ಸುತ್ತ ನಿಂತು ನೋಡಿದರು. ಮೋಟಾರಿನ ಪುಟ್ಟ ಚಕ್ರಕ್ಕೆ ಹೊಸ ಬೆಲ್ಟನ್ನು ಮೊದಲು ಕೂರಿಸಬೇಕು, ಅದರ ಗೀರು ಚಕ್ರದ ಗೀರಿಗೆ ಸರಿಯಾಗಿ ಬೀಳಬೇಕು. ಆಮೇಲೆ ಮೇಲಿನ ದೊಡ್ಡ ಚಕ್ರದ ಅಂಚಿಗೆ ಒಂದು ಕಡೆ ಬೆಲ್ಟು ಸಿಕ್ಕಿಸಿ, ಅಲ್ಲಿ ಒಂದು ಲಾಡಿಯಿಂದ ಬಿಗಿಯಾಗಿ ಕಟ್ಟಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಬೆಲ್ಟು ತಾನೇ ಏರಿಕೊಂಡು ಹೋಗಿ ಟಪ್ ಅಂತ ಕೂರುತ್ತದೆ. ಅತ್ತೆಯ ಲಾಡಿ ಯಾವುದೋ ಹಳೆಯ ಪೈಜಾಮದ್ದು. ಟಪ್ ಅಂದಾಗ ಗಂಡ ಚಪ್ಪಾಳೆ ತಟ್ಟಿದ. "ಅಮ್ಮನ ಕೈಗೆ ಸಿಕ್ಕರೆ ಕಲ್ಲೂ ಓಡುತ್ತೆ!" ಈ ಸಲವಾದರೂ ಹೊಸದು ಬರುತ್ತದೆ ಎಂದು ಮನಸ್ಸಿನಲ್ಲೇ ಮಂಡಿಗೆ ಮೆದ್ದಿದ್ದ ಸೊಸೆ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ.

ಮೂರು ತಿಂಗಳ ನಂತರ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಅವಳು ಆ ತಗಡು ಬಿಚ್ಚಿದಳು. ಪೂರ್ತಿ ಕತ್ತರಿಸಲಿಲ್ಲ, ಅರ್ಧ ಮಾತ್ರ. ಉಳಿದರ್ಧ ತಾನಾಗಿ ಹರಿದುಕೊಳ್ಳಲಿ, ತನ್ನ ಪಾಲು ಅರ್ಧವೇ ಇರಲಿ ಎಂಬ ಲೆಕ್ಕ. ಕತ್ತರಿಸಿದ್ದು ಯಾವುದರಿಂದ? ಅವಳು ಎಡಚಿ ಎಂದು ಗೊತ್ತಾದ ವಾರವೇ ಅತ್ತೆ ಕಾರ್ಖಾನೆಯವರಿಗೆ ಹೇಳಿ ತರಿಸಿಕೊಟ್ಟಿದ್ದ, ಎಡಗೈಯವರಿಗೆಂದೇ ಮಾಡಿದ ಪುಟ್ಟ ಕತ್ತರಿಯಿಂದ.

ಎರಡು ದಿನಕ್ಕೆ ಬೆಲ್ಟು ಹರಿಯಿತು. ಅತ್ತೆ ಹರಿದ ತುದಿಯನ್ನು ಹಿಡಿದು ನೋಡಿದಳು. ಕನ್ನಡಕ ಹಾಕಿಕೊಂಡು ನೋಡಿದಳು. ಕಿಟಕಿಯ ಹತ್ತಿರ ಹೋಗಿ ಮತ್ತೆ ನೋಡಿದಳು.

"ಏನಾಗಿದೆ ಅಮ್ಮ?" ಗಂಡ ಕೇಳಿದ.

"ಇಲಿ," ಅಂದಳು ಅತ್ತೆ. ಮಾವನ ಕಡೆ ತಿರುಗಿ, "ರೀ, ಅಟ್ಟದ ಮೇಲೆ ಬೋನು ಇತ್ತಲ್ಲ, ಇಳಿಸಿ," ಅಂದಳು.

ಮಾರನೆಯ ಬೆಳಿಗ್ಗೆ ಬೋನಿನ ಬ್ರೆಡ್ಡು ಮಾಯವಾಗಿತ್ತು. ಅರೆ, ನಿಜಕ್ಕೂ ಇಲಿ ಇದೆ! ಸೊಸೆಗೆ ಎಷ್ಟು ಹಗುರವಾಯಿತೆಂದರೆ ಆ ಇಲಿಗೆ ಕೈ ಮುಗಿಯಬೇಕೆನ್ನಿಸಿತು. ಅಪವಾದ ಹೊರಲು ಒಂದು ಜೀವ ಸಿಕ್ಕಿತ್ತು.

*

ಹನ್ನೊಂದಕ್ಕೆ ವ್ಯಾನು ಬಂತು. ಎಲ್ಲ ಮುಗಿಸಿ ಸ್ಮಶಾನದಿಂದ ತಿರುಗಿ ಬರುವ ಹೊತ್ತಿಗೆ ಎರಡು ಗಂಟೆ. ಬೆಲ್ಟು ಅಷ್ಟು ಹೊತ್ತೂ ಸ್ವೆಟರಿನ ಜೇಬಿನಲ್ಲೇ ಇತ್ತು. ಎಸೆಯಲು ಜಾಗ ಹುಡುಕಿದಳು, ಎಲ್ಲೆಲ್ಲೂ ಜನ. ಅಪ್ಪಿಕೊಂಡು ಅತ್ತವರೆಲ್ಲರ ಮೈಗೂ ಅದು ಒತ್ತುತ್ತಿತ್ತು. "ಜೇಬಲ್ಲಿ ಏನಮ್ಮಾ ಅದು?" ಎಂದು ಯಾರೋ ಕೇಳಿಯೂ ಕೇಳಿದರು. "ಔಷಧಿ" ಅಂದಳು.

ಊಟದ ತಟ್ಟೆಗಳನ್ನು ಎತ್ತುತ್ತಿದ್ದಾಗ ನಾದಿನಿ ಮೂಗು ಮುರಿದಳು. "ಅತ್ತಿಗೆ, ಹಿಂದುಗಡೆ ಏನೋ ಮುಗ್ಗಲು ವಾಸನೆ. ಮೆಷಿನ್ನಲ್ಲಿ ನಿನ್ನೆಯಿಂದ ದುಪ್ಪಟಿ ಹಾಗೇ ನೆನೀತಾ ಇದೆ. ಅಮ್ಮ ಒಗೆಯೋಕೆ ಹಾಕಿದ್ದು." ಅವಳು ತಟ್ಟೆಗಳನ್ನು ಕೆಳಗಿಟ್ಟಳು. "ಮೆಷಿನ್ ಸರಿ ಮಾಡೋಕೆ ಯಾರನ್ನಾದ್ರೂ ಕರೆಸೋಣ್ವಾ?"

"ಯಾರನ್ನೂ ಬೇಡ," ಅಂದದ್ದು ಗಜಕಡ್ಡಿ ಚಿಕ್ಕಮ್ಮ. ಕಾರ್ಖಾನೆಯಲ್ಲಿ ಅತ್ತೆಯ ಪಕ್ಕದ ಮೇಜಿನಲ್ಲಿ ಅಳತೆ ಹಾಕುತ್ತಿದ್ದವಳು. ಎತ್ತರಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದುದಕ್ಕೆ ಆ ಹೆಸರು. "ಅವಳ ಡಬ್ಬಿ ಎಲ್ಲಿ? ತನ್ನಿ. ನೋಡೇಬಿಡ್ತೀನಿ."

ನಾದಿನಿ ಸಾಮಾನಿನ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟಳು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಸ್ಪ್ಯಾನರು, ಸ್ಕ್ರೂಡ್ರೈವರು, ಎಣ್ಣೆಯ ಕುಪ್ಪಿ, ಅದರ ಕೆಳಗೆ ಒಂದೊಂದಾಗಿ ಸುರುಳಿ ಸುತ್ತಿ ದಾರ ಕಟ್ಟಿಟ್ಟ ಐದು ಹರಿದ ಬೆಲ್ಟು.

"ಇದನ್ನೆಲ್ಲ ಯಾಕೆ ಇಟ್ಟಿದಾಳೋ," ಎಂದರು ಮಾವ. "ನಾನು ಬಿಸಾಕಿದಾಳೆ ಅಂದ್ಕೊಂಡಿದ್ದೆ."

ಗಜಕಡ್ಡಿ ಒಂದರ ದಾರ ಬಿಚ್ಚಿ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದನ್ನು ಬಿಚ್ಚಿದಳು. ಮೂರನೆಯದನ್ನು. ಹಿಂದೆ ನಿಂತಿದ್ದ ಸೊಸೆಯ ಕೈಯಲ್ಲಿ ಚಹಾದ ತಟ್ಟೆ ಇತ್ತು.

"ನಮ್ಮ ಕಾರ್ಖಾನೇಲಿ ಒಂದು ಆಟ ಇತ್ತು," ಗಜಕಡ್ಡಿ ಯಾರನ್ನೂ ನೋಡದೆ ಹೇಳಿದಳು. "ಕತ್ತರಿಸಿದ ತುಂಡು ಕೊಟ್ಟರೆ ಯಾರು ಕತ್ತರಿಸಿದ್ದು ಅಂತ ಕತ್ತರಿಯಕ್ಕ ಹೇಳಬೇಕು. ಒಂದು ಸಲಾನೂ ತಪ್ಪಲಿಲ್ಲ. ಬಲಗೈಯವರು ಕತ್ತರಿಸಿದ್ರೆ ಅಂಚು ಈ ಕಡೆ ವಾಲುತ್ತೆ. ಎಡಗೈಯವರದ್ದು ಆ ಕಡೆ. ನನಗೂ ಅಷ್ಟಿಷ್ಟು ಹೇಳಿಕೊಟ್ಟಿದ್ದಳು."

"ಇಲಿದು ಯಾವ ಕಡೆ ವಾಲುತ್ತೆ ಚಿಕ್ಕಮ್ಮ?" ಬಸ್ ಡ್ರೈವರ್ ನಕ್ಕ.

ಗಜಕಡ್ಡಿ ಚಹಾಕ್ಕೆಂದು ತಿರುಗಿದಳು. ಸೊಸೆ ಲೋಟ ಚಾಚಿದಳು, ಎಡಗೈಯಿಂದ, ಯಾವತ್ತಿನ ಹಾಗೆ. ಗಜಕಡ್ಡಿಯ ಕಣ್ಣು ಆ ಕೈಯ ಮೇಲೆ ನಿಂತಿತು. ಉಗುರಿನ ಸಂದಿಯ ಕಪ್ಪಿನ ಮೇಲೆ. ಆಮೇಲೆ ಮುಖದ ಮೇಲೆ. ಮುಗಿಯಿತು ಕತೆ ಅಂದುಕೊಂಡಳು ಸೊಸೆ. ಗಂಡ ಅಲ್ಲಿದ್ದ. ಮಾವ ಅಲ್ಲಿದ್ದರು. ಇಡೀ ಬೀದಿ ಅಲ್ಲಿತ್ತು.

"ಇಲಿದೇ ಇದು," ಗಜಕಡ್ಡಿ ಬೆಲ್ಟುಗಳನ್ನು ಡಬ್ಬಿಗೆ ಹಾಕಿದಳು. "ಇಲಿ ಅಂತ ಕತ್ತರಿಯಕ್ಕ ಹೇಳಿದ ಮೇಲೆ ಇಲೀನೇ. ಬಾಮ್ಮ, ನೀನು ಟಾರ್ಚು ಹಿಡ್ಕೊಂಡು ಬಾ. ಬೇರೆ ಯಾರೂ ಬರೋದು ಬೇಡ, ಅಲ್ಲಿ ಜಾಗ ಇಲ್ಲ."

*

ಆರನೆಯ ಸಲ ಅವಳು ಬೆಲ್ಟು ಕತ್ತರಿಸಿದ್ದು ಕಳೆದ ಶನಿವಾರ. ಐದನೆಯ ಸಲದ ನಂತರ, ಇನ್ನು ಸಾಕು ಎಂದು ಆಣೆ ಹಾಕಿಕೊಂಡಿದ್ದಳು. ಪುಟ್ಟ ಕತ್ತರಿಯೂ ಎಲ್ಲೋ ಕಳೆದುಹೋಗಿತ್ತು. ಅದೂ ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು. ಎಂಟು ತಿಂಗಳು ಆಣೆ ನಡೆಯಿತು. ಶನಿವಾರ ಪಕ್ಕದ ಮನೆಗೆ ಹೊಸ ಮೆಷಿನ್ ಬಂತು. ಸದ್ದೇ ಇಲ್ಲ, ಓಡುತ್ತಿದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಬೇಕು. ಮನೆಗೆ ಬಂದವಳೇ ಅಡುಗೆಮನೆಯ ಚಾಕು ತೆಗೆದುಕೊಂಡು ಹಿಂದಕ್ಕೆ ಹೋದಳು. ತಗಡಿಗೆ ಈಗ ನಾಲ್ಕರ ಬದಲು ಎರಡೇ ತಿರುಪು ಇದ್ದವು. ಪದೇ ಪದೇ ಬಿಚ್ಚಲು ಸುಲಭವಾಗಲೆಂದು ಅತ್ತೆಯೇ ಎರಡನ್ನು ತೆಗೆದಿಟ್ಟಿದ್ದಳು.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಹಲ್ಲಿನ ಆಸ್ಪತ್ರೆಗೆ ಮಾವನ ಫೋನು ಬಂತು. "ಏನಮ್ಮಾ, ಇವಳು ಮೆಷಿನ್ ಹಿಂದೆ ಕೂತಿದಾಳೆ. ಕರೆದರೆ ಏಳ್ತಾ ಇಲ್ಲ," ಅಂದರು, ಯಾವುದೋ ಸಣ್ಣ ದೂರು ಹೇಳುವವರ ಹಾಗೆ.

ವೈದ್ಯರು ಹೃದಯ ಅಂದರು. ಹಳೆಯ ತೊಂದರೆ, ತಲೆ ಬಾಚಿಕೊಳ್ಳುವಾಗಲೂ ನಿಲ್ಲಬಹುದಿತ್ತು ಅಂದರು. ಆದರೆ ಅತ್ತೆ ತಲೆ ಬಾಚಿಕೊಳ್ಳುತ್ತಿರಲಿಲ್ಲವಲ್ಲ.

*

ಮೆಷಿನ್ನಿನ ಹಿಂದೆ ಇಬ್ಬರು ಕೂರುವಷ್ಟೇ ಜಾಗ. ಟಾರ್ಚಿನ ಬೆಳಕಿನಲ್ಲಿ ಎಲ್ಲ ಕಂಡಿತು. ಹೊಸ ಬೆಲ್ಟು ಪುಟ್ಟ ಚಕ್ರಕ್ಕೆ ಸರಿಯಾಗಿ ಕೂತಿತ್ತು. ದೊಡ್ಡ ಚಕ್ರದ ಅಂಚಿಗೆ ಸಿಕ್ಕಿಸಿ ಲಾಡಿ ಕಟ್ಟಿಯೂ ಆಗಿತ್ತು. ಇನ್ನು ಚಕ್ರ ತಿರುಗಿಸುವುದೊಂದೇ ಬಾಕಿ. ಅಷ್ಟರಲ್ಲಿ ಕೈ ನಿಂತಿತ್ತು. ಬೋನು ಗೋಡೆಯ ಪಕ್ಕ ಖಾಲಿ ಬಿದ್ದಿತ್ತು.

"ತಿರುಗಿಸು," ಅಂದಳು ಗಜಕಡ್ಡಿ.

ಸೊಸೆ ತಿರುಗಿಸಲಿಲ್ಲ. ಜೇಬಿನಿಂದ ಆರನೆಯ ಬೆಲ್ಟು ತೆಗೆದು ನೆಲದ ಮೇಲಿಟ್ಟಳು. "ಚಿಕ್ಕಮ್ಮ, ನಾನು..."

"ಗೊತ್ತು. ಬಾಯಲ್ಲಿ ಹೇಳಬೇಡ, ಕೇಳೋಕೆ ನನಗೆ ಇಷ್ಟ ಇಲ್ಲ." ಗಜಕಡ್ಡಿಯ ದನಿ ಮೆಲ್ಲಗಿತ್ತು, ಮೆತ್ತಗಿರಲಿಲ್ಲ. "ಅವಳಿಗೂ ಗೊತ್ತಿತ್ತು. ನೀನು ಮೊದಲನೇ ಸಲ ಕತ್ತರಿಸಿದಾಗಲೇ."

"ಅತ್ತೆಗೆ? ಮತ್ತೆ ಯಾಕೆ ಸುಮ್ಮನಿದ್ರು?"

"ನಾನೂ ಅದನ್ನೇ ಕೇಳಿದೆ. ‘ಹೊಸ ಮೆಷಿನ್ ಬೇಕು ಅವಳಿಗೆ. ಬಾಯಿಬಿಟ್ಟು ಕೇಳಲಿ, ಅವತ್ತೇ ತರ್ತೀನಿ’ ಅಂದಳು. ‘ಗೊತ್ತಿದ್ದೂ ಯಾಕೆ ಕಾಯ್ತೀಯೇ, ನೀನೇ ತಂದುಬಿಡು’ ಅಂದೆ. ‘ಕೇಳದೆ ತಂದ್ರೆ, ನಾನು ಕಂಡುಹಿಡಿದೆ ಅಂತ ಅವಳಿಗೆ ತಿಳಿದುಹೋಗುತ್ತಲ್ಲೇ. ಆಮೇಲೆ ಈ ಮನೇಲಿ ಮುಖ ಎತ್ತಿ ಓಡಾಡೋಕಾಗುತ್ತಾ ಪಾಪ’ ಅಂದಳು."

ಸೊಸೆ ಮುಖ ಮುಚ್ಚಿಕೊಂಡಳು.

"ಅಳಬೇಡ. ಸಮಾಧಾನ ಮಾಡೋಕೆ ಹೇಳ್ತಿಲ್ಲ ನಾನು. ನಿನ್ನ ಮೇಲೆ ನನಗೆ ಕೆಟ್ಟ ಕೋಪ ಇದೆ. ಮಂಡಿ ನೋವಿನ ಮುದುಕಿನ ಆರು ಸಲ ಈ ನೆಲದ ಮೇಲೆ ಕೂರಿಸಿದೀಯ. ಆದ್ರೆ ಅವಳು ಎರಡು ವರ್ಷ ಹೊಟ್ಟೆಗೆ ಹಾಕ್ಕೊಂಡಿದ್ದನ್ನ, ಅವಳನ್ನ ಕಳಿಸಿಕೊಟ್ಟ ದಿನ ನಾನು ಬೀದಿಗೆ ಹಾಕೋಳಲ್ಲ." ಗಜಕಡ್ಡಿ ಡಬ್ಬಿಯ ತಳಕ್ಕೆ ಕೈ ಹಾಕಿ ಎಣ್ಣೆಬಟ್ಟೆಯ ಒಂದು ಪುಟ್ಟ ಗಂಟು ತೆಗೆದಳು. "ತಗೋ. ಇದೂ ನಿಂದೇ ಇರಬೇಕು."

ಬಿಚ್ಚಿದರೆ ಪುಟ್ಟ ಕತ್ತರಿ. ಮೆಷಿನ್ನಿನ ಹಿಂದೆ ಎಂದೋ ಜಾರಿ ಬಿದ್ದದ್ದು. ಅತ್ತೆ ಅದರ ಅಲಗಿಗೆ ಸಾಣೆ ಕೊಟ್ಟಿದ್ದಳು. ಕೀಲಿಗೆ ಎಣ್ಣೆ ಬಿಟ್ಟಿದ್ದಳು.

"ಮಾವಂಗೆ ಗೊತ್ತಾ?" ಸೊಸೆ ಕೇಳಿದಳು.

"ಇಲ್ಲ. ಆ ಮನುಷ್ಯ ಇಲಿ ಅಂತಲೇ ನಂಬಿಕೊಂಡಿದಾರೆ. ಹೇಳೋದು ಬಿಡೋದು ನಿನಗೆ ಸೇರಿದ್ದು. ಈಗ ತಿರುಗಿಸು."

ಸೊಸೆ ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸಿದಳು. ಬೆಲ್ಟು ಬಿಗಿಯಾಯಿತು, ಅಂಚಿನ ಮೇಲೆ ಏರಿತು, ಟಪ್ ಎಂದು ಕೂತಿತು. ಅತ್ತೆ ಕಟ್ಟಿದ ಲಾಡಿಯ ಗಂಟನ್ನು ಬಿಚ್ಚಲು ಮಾತ್ರ ಅವಳಿಗೆ ಬಹಳ ಹೊತ್ತು ಹಿಡಿಯಿತು. ಕತ್ತರಿ ಕೈಗೆಟುಕುವಲ್ಲೇ ಇತ್ತು. ಅವಳು ಕತ್ತರಿಸಲಿಲ್ಲ.

ಗುಂಡಿ ಒತ್ತಿದಾಗ ದುಪ್ಪಟಿಗಳು ತಿರುಗತೊಡಗಿದವು. ಸದ್ದಿಗೆ ಎಲ್ಲರೂ ಹಿಂದಕ್ಕೆ ಬಂದರು. ನಾದಿನಿ ಬಂದು ಅಪ್ಪಿಕೊಂಡಳು. ಗಂಡ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡ. "ಅತ್ತೆ ಕೈ ಸೊಸೆಗೆ ಬಂತು ಬಿಡಿ," ಎಂದ ಬಸ್ ಡ್ರೈವರ್. "ಹೌದಪ್ಪ, ನಮ್ಮ ಪುಣ್ಯ," ಎಂದರು ಮಾವ, ಮತ್ತು ಅವಳ ತಲೆಯ ಮೇಲೆ ಕೈ ಇಟ್ಟರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೈ ತಲೆಯ ಮೇಲಿರುವಷ್ಟು ಹೊತ್ತೂ ಅವಳು ನೆಲ ನೋಡುತ್ತ ನಿಂತಿದ್ದಳು. ಹೇಳಬೇಕು, ಈಗಲೇ ಹೇಳಬೇಕು, ಎಂದು ನಾಲಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ಉಳಿಯಿತು. ಅಷ್ಟರಲ್ಲಿ ಮೆಷಿನ್ ಹಿಂಡಲು ಶುರುಮಾಡಿ ಗಡಗಡ ನಡುಗಿತು. ಅವಳು ಮೊಣಕಾಲು ಕೊಟ್ಟು ಅದನ್ನು ಹಿಡಿದು ನಿಂತಳು, ಮುಗಿಯುವ ತನಕ.

ಸಂಜೆ ಐದೂವರೆಗೆ ಬಂದವರೆಲ್ಲ ಹೋಗಿದ್ದರು. ಮಾವ ಅಡುಗೆಮನೆಗೆ ಬಂದು ಬ್ರೆಡ್ಡಿನ ಡಬ್ಬ ತೆಗೆದರು. ಒಂದು ಚೂರು ಮುರಿದರು.

"ಅಪ್ಪ, ಇವತ್ತೂ ಬೋನು ಇಡಬೇಕಾ?" ಗಂಡ ಕೇಳಿದ. "ಬಿಟ್ಟುಬಿಡಿ."

"ನಿನ್ನೆ ಗಲಾಟೇಲಿ ಇಡಲಿಲ್ಲ. ಒಂದು ದಿನ ಬಿಟ್ಟರೂ ಇಲಿಗೆ ಧೈರ್ಯ ಬರುತ್ತೆ ಅಂತಿದ್ದಳು." ಅವರು ಸೊಸೆಯ ಕಡೆ ನೋಡಿದರು. "ನಾನು ನಿವೃತ್ತಿಯಾದ ಮೇಲೆ ಈ ಮನೇಲಿ ನನಗೆ ಅಂತ ಅವಳು ಕೊಟ್ಟ ಕೆಲಸ ಇದೊಂದೇ ಕಣಮ್ಮ. ಬೆಳಿಗ್ಗೆ ಏಳು ಗಂಟೆಗೆ ಎದ್ದು ಬೋನು ನೋಡೋದು. ‘ಬಿತ್ತಾ?’ ಅಂತ ನಾನು ಕೇಳೋದು. ‘ಇಲ್ಲ ರೀ, ತಿಂದು ಹೋಗಿದೆ’ ಅಂತ ಅವಳು ಹೇಳೋದು."

ಸೊಸೆ ಬಾಯಿ ತೆರೆದಳು. "ಮಾವ..."

"ಏನಮ್ಮ?"

"ಏನಿಲ್ಲ. ಟಾರ್ಚು ತಗೊಂಡು ಹೋಗಿ, ಅಲ್ಲಿ ಕತ್ತಲೆ."

*

ಮಾರನೆಯ ದಿನ ಅವಳಿಗೆ ಐದೂವರೆಗೇ ಎಚ್ಚರವಾಯಿತು. ಆ ಹೊತ್ತಿಗೆ ಏಳುತ್ತಿದ್ದದ್ದು ಮನೆಯಲ್ಲಿ ಅತ್ತೆ ಒಬ್ಬಳೇ. ಎದ್ದು, ಹಿಂದಿನ ಬಾಗಿಲು ತೆಗೆದು, ಗೋಡೆಯ ಮೇಲೆ ಗುಬ್ಬಿಗಳಿಗೆ ಏನಾದರೂ ಉದುರಿಸುವುದು ಅವಳ ಮೊದಲ ಕೆಲಸ. ಉಳಿದವರು ಏಳುವಷ್ಟರಲ್ಲಿ ಗುಬ್ಬಿಗಳು ತಿಂದು ಹಾರಿಹೋಗಿರುತ್ತಿದ್ದವು.

ಸೊಸೆ ಹಿಂದಕ್ಕೆ ಬಂದು ಬಾಗಿಲು ತೆಗೆದಳು. ಒಗೆದ ದುಪ್ಪಟಿಗಳು ಹಗ್ಗದ ಮೇಲೆ ತೂಗುತ್ತಿದ್ದವು. ಏಳೆಂಟು ಗುಬ್ಬಿಗಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ಹತ್ತಿರ ಹೋದರೂ ಹಾರಲಿಲ್ಲ. ಏನನ್ನೋ ಕಾಯುವವರ ಹಾಗೆ ಅವಳ ಕೈಯನ್ನೇ ನೋಡಿದವು.

ಅವಳು ಬಗ್ಗಿ ಮೆಷಿನ್ನಿನ ಹಿಂದೆ ನೋಡಿದಳು. ಬೋನಿನ ಬಾಗಿಲು ತೆರೆದೇ ಇತ್ತು. ಒಳಗೆ ಕೊಕ್ಕೆಗೆ ಸಿಕ್ಕಿಸಿದ್ದ ಬ್ರೆಡ್ಡಿನ ಚೂರು ನಿನ್ನೆ ಸಂಜೆ ಇಟ್ಟ ಹಾಗೇ ಇತ್ತು. ಅಂಚು ಒಣಗಿ ಮೇಲಕ್ಕೆ ಮಡಚಿಕೊಂಡಿತ್ತು, ಅಷ್ಟೇ. ಒಂದು ಹಲ್ಲಿನ ಗುರುತಿಲ್ಲ.

ಗುಬ್ಬಿಗಳನ್ನು ನೋಡಿದಳು. ಮತ್ತೆ ಬ್ರೆಡ್ಡನ್ನು ನೋಡಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎರಡು ವರ್ಷ. ಒಂದು ದಿನವೂ ಬಿಡದೆ, ಎಲ್ಲರಿಗಿಂತ ಮೊದಲು ಎದ್ದು, ನೋಯುವ ಮಂಡಿ ಊರಿ, ಬಾಗಿಲು ಬೀಳದ ಹಾಗೆ ಬೆರಳು ತೂರಿಸಿ ಆ ಚೂರನ್ನು ತೆಗೆದವಳು ಅತ್ತೆ. ಇಲಿ ಇದೆ ಎಂದು ಗಂಡ ನಂಬಲಿ ಎಂದು. ಮಗ ನಂಬಲಿ ಎಂದು. ಸೊಸೆಯೂ ನಂಬಿ ನಿಶ್ಚಿಂತೆಯಾಗಿ ನಿದ್ದೆ ಮಾಡಲಿ ಎಂದು. ಇವಳು ಮಾಡಿಯೂ ಇದ್ದಳು.

ಏಳಕ್ಕೆ ಮಾವ ಬರುತ್ತಾರೆ. ಈ ಬ್ರೆಡ್ಡನ್ನು ತೆಗೆದು ಗುಬ್ಬಿಗೆ ಹಾಕಿದರೆ ಇಲಿ ಬದುಕುತ್ತದೆ. ದಿನಾ ತೆಗೆದರೆ ದಿನಾ ಬದುಕುತ್ತದೆ. ಮಾವನಿಗೆ ಅವರ ಕೆಲಸ ಉಳಿಯುತ್ತದೆ, ಇವಳಿಗೆ ಮುಖ ಉಳಿಯುತ್ತದೆ. ಎಡಗೈ ಬೋನಿನ ಒಳಗೆ ಹೋಯಿತು. ಬೆರಳು ಬ್ರೆಡ್ಡನ್ನು ಮುಟ್ಟಿತು. ಮುಟ್ಟಿ ಬಹಳ ಹೊತ್ತು ಹಾಗೇ ಇತ್ತು.

ಆಮೇಲೆ ಅವಳು ಕೈ ಹೊರಗೆ ತೆಗೆದಳು. ಅಡುಗೆಮನೆಗೆ ಹೋಗಿ ಬೇರೆ ಬ್ರೆಡ್ಡು ತಂದು ಪುಡಿ ಮಾಡಿ ಗೋಡೆಯ ಮೇಲೆ ಉದುರಿಸಿದಳು. ಗುಬ್ಬಿಗಳು ಮುತ್ತಿಕೊಂಡವು. ಕೋಣೆಗೆ ಹೋಗಿ, ಎಡಗೈಯಲ್ಲಿ ಏನನ್ನೋ ಮುಚ್ಚಿ ಹಿಡಿದು ತಿರುಗಿ ಬಂದು, ಅತ್ತೆ ಕೂರುತ್ತಿದ್ದ ಜಾಗದಲ್ಲಿ, ಬೋನಿನ ಪಕ್ಕ ಕೂತಳು.

ಏಳು ಗಂಟೆಗೆ ಚಪ್ಪಲಿಯ ಸದ್ದು ಅಡುಗೆಮನೆ ದಾಟಿ ಬಂತು. ಬಾಗಿಲಲ್ಲಿ ನಿಂತಿತು. ಯಾರು ಕೂತಿದ್ದಾರೆಂದು ಒಂದು ಗಳಿಗೆ ಮಾವನಿಗೆ ತಿಳಿಯಲಿಲ್ಲ ಅನ್ನಿಸುತ್ತದೆ. ರೂಢಿಯ ದನಿಯಲ್ಲೇ ಕೇಳಿದರು.

"ಬಿತ್ತಾ?"

"ಬಿತ್ತು ಮಾವ," ಅಂದಳು ಅವಳು, ಮತ್ತು ಎಡಗೈ ಮುಷ್ಟಿ ಬಿಚ್ಚಿ, ಎಣ್ಣೆ ಹಚ್ಚಿದ ಪುಟ್ಟ ಕತ್ತರಿಯನ್ನು ಒಣಗಿದ ಬ್ರೆಡ್ಡಿನ ಪಕ್ಕ, ಬೋನಿನ ಒಳಗಿಟ್ಟಳು.